ಗೈರುಹಾಜರಾಗಲು ಬಾರದ ಚನ್ನಯ್ಯ

ನಂಜನಗೂಡಿನಲ್ಲಿ ಆಗ ಗ್ರಾಮ ಪ್ರಗತಿ ಸಮನ್ವಯ ಕಚೇರಿ ಅಂತ ಒಂದಿತ್ತು. ನಂಜನಗೂಡು, ಟಿ. ನರಸೀಪುರ ಎರಡೂ ತಾಲ್ಲೂಕುಗಳ ಪ್ರಗತಿಯನ್ನು ಸಮನ್ವಯಗೊಳಿಸುವುದು ಅದರ ಕೆಲಸ. ಹಾಗೆಂದರೆ ಏನು ಎಂದು ಅಲ್ಲಿ ಸಂಬಳ ತೆಗೆದುಕೊಳ್ಳುವ ಹನ್ನೊಂದು ಜನರಿಗೂ ಖಚಿತವಾಗಿ ಗೊತ್ತಿರಲಿಲ್ಲ. ಯಾರಾದರೂ ಕೇಳಿದರೆ ಮೀಟಿಂಗ್ ಮಾಡ್ತೀವಿ ಅನ್ನುತ್ತಿದ್ದರು. ಅದಂತೂ ಸುಳ್ಳಲ್ಲ. ಮೀಟಿಂಗ್ ಮಾಡುತ್ತಿದ್ದರು, ಅದೂ ಕಚೇರಿಯ ಬಾಗಿಲು ಹಾಕುವ ಹೊತ್ತಿಗೆ ಶುರು ಮಾಡುತ್ತಿದ್ದರು.

ಚನ್ನಯ್ಯ ಆ ಕಚೇರಿಗೆ ಗುಮಾಸ್ತನಾಗಿ ಸೇರಿದ್ದು ತೊಂಬತ್ತನೆಯ ಇಸವಿಯಲ್ಲಿ. ಅಲ್ಲಿಂದ ಹದಿಮೂರು ವರ್ಷದಲ್ಲಿ ಐದು ಜನ ಸಾಹೇಬರು ಬಂದು ಹೋದರು. ಒಬ್ಬರು ಉದ್ದ, ಒಬ್ಬರು ಕುಳ್ಳ, ಒಬ್ಬರಿಗೆ ಸಕ್ಕರೆ ಕಾಯಿಲೆ, ಒಬ್ಬರಿಗೆ ಸಾಹಿತ್ಯದ ಕಾಯಿಲೆ. ಮೀಟಿಂಗಿನ ಹೊತ್ತು ಮಾತ್ರ ಬದಲಾಗಲಿಲ್ಲ. ಅದು ಮನುಷ್ಯರ ಗುಣವಲ್ಲ, ಆ ಕುರ್ಚಿಗೇ ಅಂಟಿಕೊಂಡ ಗುಣ ಎಂದು ಕಚೇರಿಯಲ್ಲಿ ಎಲ್ಲರೂ ಒಪ್ಪಿದ್ದರು. ಸಾಹೇಬರೆಲ್ಲ ಮೈಸೂರಿನಲ್ಲಿ ಮನೆ ಮಾಡಿಕೊಂಡವರು. ಬೆಳಗ್ಗೆ ಹನ್ನೊಂದೂವರೆಗೆ ಬಂದು ಮುಖ ತೋರಿಸಿ, ಅವರ ಮೇಲಿನವರು ಕರೆದ ಮೀಟಿಂಗಿಗೆ ವಾಪಸು ಮೈಸೂರಿಗೆ ಓಡಿ, ಅಲ್ಲಿ ಬೈಸಿಕೊಂಡು, ಸಂಜೆ ಐದಕ್ಕೆ ಮತ್ತೆ ನಂಜನಗೂಡಿಗೆ ಬರುತ್ತಿದ್ದರು. ಬೈಸಿಕೊಂಡದ್ದನ್ನು ಆರುವ ಮುಂಚೆ ಬೇರೆಯವರಿಗೆ ಹಂಚಬೇಕಲ್ಲ.

ಮೀಟಿಂಗ್ ಇದೆಯೋ ಇಲ್ಲವೋ ಎಂದು ಮೊದಲು ತಿಳಿಯುತ್ತಿದ್ದದ್ದು ಜವಾನ ಚಿಕ್ಕಮಾದುವಿಗೆ. ಐದರ ಮೇಲೆ ಕಾಫಿ ಕೊಡಲು ಒಳಗೆ ಹೋದಾಗ ಸಾಹೇಬರು ಮೇಜಿನ ಕೆಳಗೆ ಬೂಟು ಬಿಚ್ಚಿದ್ದರೆ ಮೀಟಿಂಗ್ ಗ್ಯಾರಂಟಿ. ಚಿಕ್ಕಮಾದು ಹೊರಗೆ ಬಂದು ಎರಡು ಸಲ ಕೆಮ್ಮುತ್ತಿದ್ದ. ಆ ಕೆಮ್ಮು ಕೇಳಿದ್ದೇ ತಡ, ಕಚೇರಿ ಅರ್ಧ ಖಾಲಿ. ಹುಲ್ಲಹಳ್ಳಿ ಬಸ್ಸಿನವರು ಬಸ್ಸಿಗೆ, ರೈಲಿನವರು ರೈಲಿಗೆ, ಊರಿನವರು ಹಿಂದಿನ ಗೇಟಿಗೆ. ಸಿಕ್ಕಿಬಿದ್ದವರೂ ಸುಮ್ಮನಿರುತ್ತಿರಲಿಲ್ಲ. ಬಸವಯ್ಯ ಅನ್ನುವ ಗುಮಾಸ್ತನೊಬ್ಬ ತನ್ನ ಒಬ್ಬಳೇ ದೊಡ್ಡಮ್ಮನನ್ನು ಆರು ವರ್ಷದಲ್ಲಿ ನಾಲ್ಕು ಸಲ ಮಣ್ಣು ಮಾಡಿದ. ನಾಲ್ಕನೆಯ ಸಲ ಸಾಹೇಬರೇ ಪಾಪ ಕಣ್ಣು ಒರೆಸಿಕೊಂಡರು.

ಚನ್ನಯ್ಯ ಮಾತ್ರ ಕೂತಲ್ಲಿಂದ ಏಳುತ್ತಿರಲಿಲ್ಲ. ಅವನಿಗೆ ಸುಳ್ಳು ಹೇಳಲು ಬಾರದು, ಓಡಲು ಬಾರದು, ಆಗುವುದಿಲ್ಲ ಎನ್ನುವ ಮಾತಂತೂ ಗಂಟಲಿನಿಂದ ಈಚೆಗೇ ಬಾರದು. ಇದಕ್ಕೆ ಕಾರಣವಿತ್ತು. ಅವನ ಅಪ್ಪ ಕರಿಯಯ್ಯ ಹದಿನಾರು ಎಂಬ ಊರಿನ ಆಸುಪಾಸಿನ ಹಳ್ಳಿಯೊಂದರಲ್ಲಿ ಕುಳವಾಡಿಕೆ ಮಾಡಿದವನು. ಊರಿನ ಯಾವ ದೊಡ್ಡವರು ಯಾವ ಹೊತ್ತಿನಲ್ಲಿ ಕೂಗಿದರೂ ಬಾಯಲ್ಲಿದ್ದ ತುತ್ತನ್ನು ನುಂಗಿಯೋ ಉಗಿದೋ ಓಡಿದವನು. ಮಗ ಓದಿ ಗುಮಾಸ್ತನಾದ ದಿನ ಕರಿಯಯ್ಯ, ಇನ್ನು ನಮ್ಮ ಮನೆಯವರನ್ನು ಹೊತ್ತಲ್ಲದ ಹೊತ್ತಿನಲ್ಲಿ ಯಾರೂ ಕೂಗುವ ಹಾಗಿಲ್ಲ ಎಂದು ಇಡೀ ಕೇರಿಗೆ ಹೇಳಿಕೊಂಡು ಬಂದಿದ್ದ. ಆಮೇಲೆ ಆದದ್ದೇನೆಂದರೆ, ಕೂಗುವವರು ಚನ್ನಯ್ಯನವರೇ ಎಂದು ಬಹುವಚನದಲ್ಲಿ ಕೂಗತೊಡಗಿದರು. ಚನ್ನಯ್ಯನಿಗೆ ಆ ಬಹುವಚನವೇ ದೊಡ್ಡದಾಗಿ ಕಂಡಿತು.

ಅದೂ ಅಲ್ಲದೆ ಮೀಟಿಂಗಿಗೆ ಅವನು ಬೇಕೇ ಬೇಕು. ನೋಟಿಸು ಬರೆಯುವವನು ಅವನು, ನಡಾವಳಿ ಬರೆಯುವವನೂ ಅವನೇ. ಸಾಹೇಬರು ಎರಡು ಗಂಟೆ ಕಾಲ ಕೂಗಾಡಿದ್ದನ್ನು 'ಸಭೆಯಲ್ಲಿ ಕೂಲಂಕಷವಾಗಿ ಚರ್ಚಿಸಲಾಯಿತು' ಎಂದು ಒಂದು ಸಾಲಿನಲ್ಲಿ ಕೂರಿಸುವ ಕಲೆ ಎರಡು ತಾಲ್ಲೂಕಿನಲ್ಲಿ ಅವನೊಬ್ಬನಿಗೇ ಸಿದ್ಧಿಸಿತ್ತು. ನೋಟಿಸಿನದು ಇನ್ನೂ ಸುಲಭ. ಹಳೆಯ ಪ್ರತಿ ಎದುರಿಗಿಟ್ಟುಕೊಂಡು ತಾರೀಖು, ಸ್ಥಳ ಎರಡನ್ನು ತಿದ್ದಿದರೆ ಮುಗಿಯಿತು. ಕೊನೆಯ ಸಾಲು ಯಾವಾಗಲೂ ಒಂದೇ: 'ತಾಲ್ಲೂಕಿನ ಎಲ್ಲ ಇಲಾಖೆಗಳ ಅಧಿಕಾರಿಗಳು ಹಾಗೂ ಕ್ಷೇತ್ರ ಸಿಬ್ಬಂದಿ ತಪ್ಪದೆ ಹಾಜರಾಗತಕ್ಕದ್ದು. ಗೈರುಹಾಜರಾದವರ ಮೇಲೆ ಶಿಸ್ತು ಕ್ರಮ ಜರುಗಿಸಲಾಗುವುದು.' ಈ ಸಾಲನ್ನು ಸೇರಿಸಿ ಎಂದು ಯಾವ ಸಾಹೇಬರೂ ಹೇಳಿರಲಿಲ್ಲ. ಸೇರಿದ ಹೊಸತರಲ್ಲಿ ಚನ್ನಯ್ಯನೇ ಉತ್ಸಾಹದಿಂದ ಹಾಕಿದ್ದ. ಯಾರೂ ತೆಗೆಯಲಿಲ್ಲ, ಯಾರ ಮೇಲೂ ಕ್ರಮ ಜರುಗಲಿಲ್ಲ, ಸಾಲು ಹಾಗೇ ಉಳಿದುಕೊಂಡಿತು, ನಂಜನಗೂಡಿನವರು ಅದನ್ನು ಓದುವುದನ್ನೇ ಬಿಟ್ಟರು. ಆ ಸಾಲಿಗೆ ಎರಡು ತಾಲ್ಲೂಕಿನಲ್ಲಿ ಎಲ್ಲರಿಗಿಂತ ಹೆಚ್ಚು ಹೆದರುತ್ತಿದ್ದವನು ಅದನ್ನು ಬರೆದವನೇ.

ತೊಂಬತ್ತೆಂಟರವರೆಗೆ ಭಾನುವಾರವಾದರೂ ಉಳಿದಿತ್ತು. ಚನ್ನಯ್ಯನನ್ನು ಕರೆಯಬೇಕೆಂದರೆ ಚಿಕ್ಕಮಾದು ಸೈಕಲ್ ತುಳಿದುಕೊಂಡು ಬರಬೇಕಿತ್ತು, ಚಿಕ್ಕಮಾದುವಿಗೆ ಭಾನುವಾರ ಸೈಕಲ್ ಪಂಕ್ಚರಾಗುತ್ತಿತ್ತು. ಆ ವರ್ಷ ಮನೆಗೆ ಟೆಲಿಫೋನು ಬಂತು. ಹೆಂಡತಿ ಸಾಕಮ್ಮ ಅದಕ್ಕೊಂದು ಕಸೂತಿ ಬಟ್ಟೆ ಹೊಲಿದು ಮುಚ್ಚಿದಳು. ಮೊದಲ ವಾರವೇ ಅದರ ಒಳಗಿಂದ ಸಾಹೇಬರು ಮಾತಾಡಿದರು. ಅಲ್ಲಿಂದ ಮುಂದೆ ಚನ್ನಯ್ಯ ತನ್ನ ಮನೆಯ ನಡುಮನೆಯಲ್ಲೇ ಎದ್ದು ನಿಂತು, ಲುಂಗಿ ಇಳಿಬಿಟ್ಟು, ಫೋನಿಗೆ ತಲೆಬಾಗಿ 'ಬಂದೆ ಸಾ' ಅನ್ನುವುದನ್ನು ಅಕ್ಕಪಕ್ಕದವರೂ ನೋಡುವಂತಾಯಿತು.

ಈಗಿನ ಸಾಹೇಬರಿಗೆ ಭಾನುವಾರವೆಂದರೆ ಬಲು ಪ್ರೀತಿ. ಅವರ ಡ್ರೈವರು ಚಿಕ್ಕಮಾದುವಿಗೆ ಹೇಳಿದ ಪ್ರಕಾರ, ಸಾಹೇಬರ ಮಾವನವರು ರಿಟೈರಾದ ಹೆಡ್‌ಮಾಸ್ಟರು. ಅವರು ಭಾನುವಾರ ಮಧ್ಯಾಹ್ನ ಮಗಳ ಮನೆಗೆ ಊಟಕ್ಕೆ ಬಂದು ರಾತ್ರಿಯವರೆಗೆ ಅಳಿಯನಿಗೆ ಬುದ್ಧಿವಾದ ಹೇಳುತ್ತಾರೆ. ಹಾಗಾಗಿ ಮಾವನವರು ಬಂದ ಭಾನುವಾರಗಳಲ್ಲಿ ಎರಡು ತಾಲ್ಲೂಕಿನ ಪ್ರಗತಿ ತೀವ್ರವಾಗಿ ಕುಂಠಿತವಾಗಿ, ಸಂಜೆ ಸಭೆ ಕರೆಯಬೇಕಾಗುತ್ತಿತ್ತು. ಅವರು ತೀರ್ಥಯಾತ್ರೆಗೆ ಹೋದ ಒಂದು ತಿಂಗಳು ಪ್ರಗತಿ ತೃಪ್ತಿಕರವಾಗಿತ್ತು.

ಈ ಭಾನುವಾರಗಳ ಪೆಟ್ಟು ಬಿದ್ದದ್ದು ಚನ್ನಯ್ಯನ ಒಬ್ಬಳೇ ಮಗಳು ಸಂಘಮಿತ್ರಾಳ ಮೇಲೆ. ಅವಳು ಟಿ.ಸಿ.ಎಚ್. ಮುಗಿಸಿ ಹುಲ್ಲಹಳ್ಳಿಯ ಕಡೆ ಶಾಲೆಯೊಂದರಲ್ಲಿ ಟೀಚರಾಗಿದ್ದಳು. ವಯಸ್ಸು ಇಪ್ಪತ್ತನಾಲ್ಕು. ಹೆಣ್ಣು ನೋಡಲು ಬರುವವರು ಬರುವುದು ಭಾನುವಾರವೇ, ಅದೂ ಇಳಿಹೊತ್ತಿನಲ್ಲಿ. ಬಂದವರಿಗೆ ಕಾಲಿಗೆ ನೀರು ಕೊಟ್ಟು ಒಳಗೆ ಕರೆಯಬೇಕಾದವನು ಹೆಣ್ಣಿನ ಅಪ್ಪ. ಅವನಿಲ್ಲದ ಮನೆಯಲ್ಲಿ ಅವರು ಉಪ್ಪಿಟ್ಟು ತಿಂದಾರು, ಮಾತು ಎತ್ತಲಾರರು.

ಮೊದಲನೆಯ ಸಲ ಬಂದವರು ಹೊತ್ತು ಮುಳುಗುವವರೆಗೆ ಕಾದರು. ಚನ್ನಯ್ಯ ಕಚೇರಿಯಲ್ಲಿ ಕೂತು, ಹಳ್ಳಿಗಳಲ್ಲಿ ಮರುಜೀವ ಪಡೆಯಬೇಕಾದ ಬೋರ್‌ವೆಲ್ಲುಗಳ ಬಗ್ಗೆ ಕೂಲಂಕಷವಾಗಿ ಬರೆದುಕೊಳ್ಳುತ್ತಿದ್ದ. ಬಂದವರು, ಅಪ್ಪನಿಗೇ ಬೇಡವಾದ ಮೇಲೆ ನಮಗೇಕೆ ಎಂದು ಎದ್ದು ಹೋದರು. ಎರಡನೆಯ ಸಲ ಮನೆಯಲ್ಲೇ ಇದ್ದ. ಮಾತು ಚೆನ್ನಾಗಿಯೇ ಹೊರಟಿತ್ತು. ಹುಡುಗ ತನ್ನ ಓದಿನ ಬಗ್ಗೆ ಹೇಳುತ್ತಿದ್ದಾಗ ಫೋನು ಬಂತು. ಚನ್ನಯ್ಯ 'ಬಂದೆ ಸಾ' ಅಂದವನೇ ಅಂಗಿ ಸಿಕ್ಕಿಸಿಕೊಂಡು, ಬಂದವರಿಗೆ ಕೈಮುಗಿದು ನಡೆದುಬಿಟ್ಟ. ಹುಡುಗನ ಓದು ಕೇಳಿ ಮಾವ ಆಗಬೇಕಾದವನು ಎದ್ದು ಹೋದನಲ್ಲ, ಇವರಿಗೆ ಇಷ್ಟು ಕೊಬ್ಬೇ ಎಂದು ಅವರು ಸುತ್ತೂರಿನವರೆಗೂ ಹೇಳಿಕೊಂಡು ಹೋದರು. ಚನ್ನಯ್ಯ ಗರ್ವಿಷ್ಠ ಎಂಬ ಸುದ್ದಿ ಹಬ್ಬಿತು. ಜನ್ಮದಲ್ಲಿ ಒಂದು ಸಲವಾದರೂ ಗರ್ವಪಡಬೇಕೆಂದು ಆಸೆಯಿದ್ದ ಮನುಷ್ಯನಿಗೆ ಅದು ಬಂದದ್ದು ಹೀಗೆ.

ಮೂರನೆಯದು ಎರಡು ಸಾವಿರದ ಮೂರರಲ್ಲಿ. ಹುಡುಗ ಪ್ರೇಮ್‌ಕುಮಾರ್, ಟಿ. ನರಸೀಪುರದಲ್ಲಿ ರೇಷ್ಮೆ ಇಲಾಖೆಯ ಕ್ಷೇತ್ರ ಸಿಬ್ಬಂದಿ. ಹಳ್ಳಿ ತಿರುಗಿ ಹುಳು ಸಾಕುವವರಿಗೆ ಸಲಹೆ ಕೊಡುವ ಕೆಲಸ. ಬಸ್ಸಿನಲ್ಲಿ ಎರಡು ಸಲ ಸಂಘಮಿತ್ರಾಳನ್ನು ನೋಡಿದ್ದನಂತೆ, ಅವಳೂ ನೋಡಿದ್ದಳಂತೆ. ಈ ಸಲ ಅವಳೇ ಅಮ್ಮನ ಹತ್ತಿರ, ಇವರು ಬರಲಿ ಎಂದಿದ್ದಳು. ಅವಳು ಹಾಗೆ ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಅದಕ್ಕೇ ಸಾಕಮ್ಮ ಗಂಡನನ್ನು ಕೂರಿಸಿಕೊಂಡು ಮಾತು ಮುಗಿಸಿದಳು.

"ಈ ಕಿತಾನೂ ನೀವು ಇರ್ನಿಲ್ಲ ಅಂದ್ರೆ, ನಿಮ್ ಫೋಟೊಕ್ಕೆ ಊವಿನಾರ ಆಕಿ ಮುಂದ್ಗಡೆ ಇಟ್ಟು, ಯಜಮಾನ್ರು ಇಲ್ಲ ಅಂತ ಯೋಳಿ ಮಾತು ಮುಗಿಸ್ಕತೀನಿ ಕಣ್ರೀ. ಅವಾಗ ಯಾರೂ ತಪ್ಪು ತಿಳ್ಕಳಕಿಲ್ಲ."

ಅವಳು ನಗಲಿಲ್ಲ. ಭಾನುವಾರ ನಾಲ್ಕಕ್ಕೆ ಎಂದು ನಿಗದಿಯಾಯಿತು.

ಹಿಂದಿನ ದಿನ ಶನಿವಾರ ಸಂಜೆ ಐದು ಹತ್ತಕ್ಕೆ ಚಿಕ್ಕಮಾದು ಎರಡು ಸಲ ಕೆಮ್ಮಿದ. ಒಳಗೆ ಕರೆಸಿಕೊಂಡ ಸಾಹೇಬರು, ನಾಳೆ ಸಂಜೆ ಐದಕ್ಕೆ ನಂಜನಗೂಡಿನಲ್ಲಿ ತುರ್ತು ಸಭೆ ಇಟ್ಟುಕೊಳ್ಳೋಣ, ನೋಟಿಸು ಹಾಕಿ ಅಂದರು. ಚನ್ನಯ್ಯ ಕೈಕಟ್ಟಿ ನಿಂತ. ನಾಳೆ ನನ್ನ ಮಗಳನ್ನು ನೋಡಲು ಬರುತ್ತಾರೆ ಎಂದರೆ ಸಾಕಿತ್ತು. ಆ ಮಾತು ನಾಲಿಗೆಯ ತುದಿಯವರೆಗೆ ಬಂತು, ಅಲ್ಲಿಂದ ಹಿಂದಕ್ಕೆ ಹೋಯಿತು. ಆದರೆ ಸಾಕಮ್ಮನ ಹೂವಿನ ಹಾರ ಕಣ್ಣ ಮುಂದೆ ಇತ್ತಲ್ಲ, ಹದಿಮೂರು ವರ್ಷದಲ್ಲಿ ಮೊದಲ ಸಲ ಅವನ ತಲೆ ಬೇರೆ ದಾರಿ ಹುಡುಕಿತು.

ನಂಜನಗೂಡಿನ ಪ್ರಗತಿ ಶೇಕಡ ಎಂಬತ್ತೊಂದಿದೆ ಸಾ, ನರಸೀಪುರದ್ದೇ ಅರವತ್ತನಾಲ್ಕರಲ್ಲಿ ನಿಂತುಬಿಟ್ಟಿದೆ ಎಂದು ಮೆಲ್ಲಗೆ ಹೇಳಿದ. ಈ ಅಂಕಿಗಳು ಎಲ್ಲಿಂದ ಬಂದವೆಂದು ಅವನಿಗೆ ಚೆನ್ನಾಗಿ ಗೊತ್ತು, ಎರಡನ್ನೂ ಅವನೇ ಬರೆದದ್ದು. ಸಾಹೇಬರ ಕಣ್ಣು ಹೊಳೆಯಿತು. ಹಾಗಾದರೆ ಸಭೆ ಅಲ್ಲೇ ಆಗಲಿ ಅಂದರು. ನರಸೀಪುರ ಮೈಸೂರಿನಿಂದ ಇನ್ನೂ ಸ್ವಲ್ಪ ದೂರ, ಮಾವನವರಿಂದಲೂ ಅಷ್ಟೇ ದೂರ. ನೀವೇನೂ ಬರಬೇಡಿ, ಅಲ್ಲಿನ ಗುಮಾಸ್ತರೇ ಬರೆದುಕೊಳ್ಳುತ್ತಾರೆ ಎಂದೂ ಸೇರಿಸಿದರು.

ಚನ್ನಯ್ಯನಿಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಐದೂವರೆಯ ನರಸೀಪುರದ ಬಸ್ಸು ಹೊರಡುವುದರೊಳಗೆ ಲಕೋಟೆ ಕಂಡಕ್ಟರ ಕೈ ಸೇರಬೇಕು. ಹಳೆಯ ನೋಟಿಸು ಎಳೆದುಕೊಂಡ. ನಂಜನಗೂಡು ಎಂದಿದ್ದ ಕಡೆ ಟಿ. ನರಸೀಪುರ ಎಂದ, ತಾರೀಖು ತಿದ್ದಿದ. ಉಳಿದದ್ದನ್ನು ಕೈ ತಾನಾಗಿ ಬರೆದುಕೊಂಡು ಹೋಯಿತು. ಸಾಹೇಬರು ನೋಡದೆ ಸಹಿ ಹಾಕಿದರು, ಚಿಕ್ಕಮಾದು ಬಸ್ ಸ್ಟ್ಯಾಂಡಿಗೆ ಸೈಕಲ್ ಓಡಿಸಿದ. ಚನ್ನಯ್ಯ ದಾರಿಯಲ್ಲಿ ಒಂದು ಮೊಳ ಮಲ್ಲಿಗೆ, ಅರ್ಧ ಕೆ.ಜಿ. ಬಾದುಷಾ ಕೊಂಡು, ಯುದ್ಧ ಗೆದ್ದವನಂತೆ ಮನೆಗೆ ನಡೆದ. ಜಾಣತನ ಅನ್ನುವುದು ಇಷ್ಟು ಸಲೀಸೇ ಎಂದು ತನ್ನಷ್ಟಕ್ಕೆ ನಕ್ಕ.

ಭಾನುವಾರ ನಾಲ್ಕಕ್ಕೆ ಸರಿಯಾಗಿ ಬಂದರು. ಹುಡುಗನ ಅವ್ವ, ಸೋದರಮಾವ ಮಂಟೇಸ್ವಾಮಿ, ಇನ್ನಿಬ್ಬರು ಹೆಂಗಸರು. ಚನ್ನಯ್ಯ ಬಾಗಿಲಲ್ಲೇ ನಿಂತಿದ್ದ. ತಾನೇ ಚೊಂಬಿನಲ್ಲಿ ನೀರು ಕೊಟ್ಟ, ತಾನೇ ಚಾಪೆ ಹಾಸಿದ, ಗೋಡೆಯ ಮೇಲಿನ ಬುದ್ಧನ ಪಟದ ಧೂಳನ್ನು ಬಂದವರ ಎದುರಿಗೇ ಇನ್ನೊಂದು ಸಲ ಒರೆಸಿದ. ಹುಡುಗ ನರಸೀಪುರದಿಂದ ಬೈಕಿನಲ್ಲಿ ನೇರವಾಗಿ ಬರುತ್ತಾನೆ, ಇನ್ನೇನು ಬಂದ ಅಂದರು. ಮಾತು ಮಳೆಗೆ ಹೋಯಿತು, ಕಬಿನಿ ನೀರಿಗೆ ಹೋಯಿತು, ಶಾಲೆಗೆ ಹೋಯಿತು. ಉಪ್ಪಿಟ್ಟು ಮುಗಿಯಿತು, ಬಾದುಷಾ ಮುಗಿಯಿತು. ಐದಾಯಿತು. ಐದೂಕಾಲಾಯಿತು. ಒಳಗೆ ಸಂಘಮಿತ್ರಾ ಮುಡಿದ ಮಲ್ಲಿಗೆಯನ್ನು ಮುಟ್ಟಿಮುಟ್ಟಿ ನೋಡಿಕೊಳ್ಳುತ್ತಿದ್ದಳು.

ಫೋನು ಬಡಿದುಕೊಂಡಿತು. ಸಾಕಮ್ಮ ಗಂಡನನ್ನು ನೋಡಿದ ನೋಟಕ್ಕೆ ಅವನು ಅರ್ಧ ಎದ್ದವನು ಹಾಗೇ ನಿಂತ. ಆದರೆ ಅದು ಸಾಹೇಬರಲ್ಲ, ಪ್ರೇಮ್‌ಕುಮಾರ್. ದನಿಯಲ್ಲಿ ಅಳುವೊಂದು ಬಾಕಿ. ತಾಲ್ಲೂಕಿನಲ್ಲಿ ತುರ್ತು ಸಭೆ ಕರೆದಿದ್ದಾರೆ, ಮಧ್ಯಾಹ್ನ ಮೂರಕ್ಕೆ ನನಗೆ ನೋಟಿಸು ಮುಟ್ಟಿತು, ಎಸ್.ಟಿ.ಡಿ. ಬೂತಿನಿಂದ ಮಾತಾಡುತ್ತಿದ್ದೇನೆ, ತಪ್ಪು ತಿಳಿಯಬಾರದು ಎಂದ. ರೇಷ್ಮೆಯವರಿಗೂ ಆ ಸಭೆಗೂ ಏನಪ್ಪ ಸಂಬಂಧ ಎಂದು ಚನ್ನಯ್ಯ ಕೇಳಿದ.

"ಏನೂ ಇಲ್ಲ ಸಾ. ಆದ್ರೆ ನೋಟಿಸ್ನಲ್ಲಿ ಎಲ್ಲಾ ಇಲಾಖೆ ಕ್ಷೇತ್ರ ಸಿಬ್ಬಂದಿ ತಪ್ಪದೆ ಬರ್ಬೇಕು, ಬರ್ದೆ ಇದ್ರೆ ಶಿಸ್ತು ಕ್ರಮ ಅಂತ ಬರ್ದವ್ರೆ. ಯಾವ ಪುಣ್ಯಾತ್ಮ ಬರ್ದನೋ ಕಾಣೆ."

ಚನ್ನಯ್ಯನ ಕೈಯಲ್ಲಿ ರಿಸೀವರು ಬೆವತಿತು. ಸರಿಯಪ್ಪ ಎಂದು ಕೆಳಗಿಟ್ಟ. ವಿಷಯ ತಿಳಿದ ಮಂಟೇಸ್ವಾಮಿ, ಸರ್ಕಾರಿ ಕೆಲಸ ಅಂದ ಮೇಲೆ ಏನು ಮಾಡಲಾಗುತ್ತದೆ, ನಿಮಗೆ ಗೊತ್ತಿಲ್ಲದ್ದೇ, ಹುಡುಗ ಕೆಲಸಕ್ಕೆ ನಿಯತ್ತಿನವನು ಎಂದು ಹೊಗಳಿಕೆಯಲ್ಲೇ ಮುಗಿಸಿದರು. ಇನ್ನೊಂದು ಭಾನುವಾರ ನೋಡೋಣ ಎಂದು ಎಲೆ ಅಡಿಕೆ ತೆಗೆದುಕೊಂಡು ಎದ್ದರು. ಚನ್ನಯ್ಯ ಅವರನ್ನು ಬಸ್ಸಿಗೆ ಹತ್ತಿಸಿ ಬಂದ. ಬರುವಾಗ ಎರಡು ಕಡೆ ಎಡವಿದ.

ಮನೆಯಲ್ಲಿ ಸಂಘಮಿತ್ರಾ ಮಲ್ಲಿಗೆ ತೆಗೆದು ಫೋನಿನ ಪಕ್ಕ ಇಟ್ಟು ಕೂತಿದ್ದಳು. ಆ ನೋಟಿಸು ಯಾರು ಬರೆದದ್ದು ಎಂದು ಕೇಳಿದಳು. ಅಪ್ಪನ ಕೊನೆಯ ಸಾಲು ಅವಳಿಗೆ ಬಾಯಿಪಾಠ. ಚಿಕ್ಕಂದಿನಲ್ಲಿ ಕಾರ್ಬನ್ ಹಾಳೆ ಜೋಡಿಸಿಕೊಡುತ್ತಿದ್ದವಳು ಅವಳೇ. ಚನ್ನಯ್ಯ ಎಲ್ಲವನ್ನೂ ಹೇಳಿದ, ಎಂಬತ್ತೊಂದು, ಅರವತ್ತನಾಲ್ಕು, ಐದೂವರೆ ಬಸ್ಸು, ಎಲ್ಲ. ಸಾಕಮ್ಮ ತಲೆಯ ಮೇಲೆ ಕೈಹೊತ್ತು ಕೂತಳು. ಮಗಳು ಅಳುತ್ತಾಳೆಂದು ಚನ್ನಯ್ಯ ಹೆದರಿದ್ದ. ಅವಳು ಅಳಲಿಲ್ಲ, ಬೈಯಲೂ ಇಲ್ಲ.

"ನೀವು ಬರ್ದಿದ್ಕೆ ನಂಗೆ ಬೇಜಾರಿಲ್ಲ ಅಪ್ಪ. ಅವ್ರು ಓಗಿ ಕೂತವ್ರಲ್ಲ, ಅದ್ಕೆ ಬೇಜಾರು. ಅವ್ರಿಗೆ ಅಲ್ಲಿ ಒಂದು ಕೆಲ್ಸಾನೂ ಇಲ್ಲ. ಆದ್ರೂ ಬರಾಕಾಗಲ್ಲ ಅನ್ನಾಕೆ ಬಾಯಿ ಬರ್ನಿಲ್ಲ. ಅಂಥೋರ ಮನೇಲಿ ಉಟ್ಟಿದ್ದೇ ಸಾಕು, ಸೇರೋದು ಬ್ಯಾಡ. ಅವ್ವ ಬಾಗ್ಲು ನೋಡ್ಕಂಡು ಕೂತಿರದ ನಾನು ನೋಡಿವ್ನಿ."

ಮೆತ್ತಗೆ ಆಡುವ ಮಗಳು ಮೆತ್ತಗೇ ಆಡಿದ್ದಳು, ಆದರೆ ಚನ್ನಯ್ಯನಿಗೆ ಊರ ನಡುವೆ ನಿಲ್ಲಿಸಿ ಬಾರಿಸಿದ ಹಾಗಾಯಿತು. ಅವಮಾನಕ್ಕಿಂತ ಹೆಚ್ಚಾಗಿ ದುಃಖವಾಯಿತು. ಅವಳಿಗೆ ಆ ಹುಡುಗ ಇಷ್ಟವೆಂಬುದು ಮೂವರಿಗೂ ಗೊತ್ತಿತ್ತು.

ಆರೂಮುಕ್ಕಾಲಿಗೆ ಫೋನು ಮತ್ತೆ ಬಡಿಯಿತು. ಈ ಸಲ ಸಾಹೇಬರೇ. ಸಭೆಗೆ ಇನ್ನೂರು ಜನ ಬಂದುಬಿಟ್ಟಿದ್ದಾರೆ, ಪಶುವೈದ್ಯರು ಬಂದಿದ್ದಾರೆ, ಲೈನ್‌ಮನ್ನುಗಳು ಬಂದಿದ್ದಾರೆ, ಸೂಲಗಿತ್ತಿ ನರ್ಸುಗಳೂ ಬಂದಿದ್ದಾರೆ, ಯಾರಿಗೆ ಏನು ಹೇಳಬೇಕೋ ತಿಳಿಯುತ್ತಿಲ್ಲ. ಇಲ್ಲಿನ ಗುಮಾಸ್ತನಿಗೆ ನಡಾವಳಿ ಬರೆಯಲು ಬಾರದು. ನೀವು ಹೊರಟು ನಿಂತಿರಿ, ಜೀಪು ಕಳಿಸುತ್ತೇನೆ ಅಂದರು. ಚನ್ನಯ್ಯ ಎಂದಿನಂತೆ ಎದ್ದೇ ನಿಂತಿದ್ದ. ಎಡಗೈ ಆಗಲೇ ಗೂಟದ ಮೇಲಿನ ಅಂಗಿಗೆ ಹೋಗಿತ್ತು. ಸಾಕಮ್ಮ ಬೇರೆ ಕಡೆ ತಿರುಗಿಕೊಂಡಿದ್ದಳು. ಸಂಘಮಿತ್ರಾ ಮಾತ್ರ ನೋಡುತ್ತಿದ್ದಳು. ಅದು ಬೇಡಿಕೊಳ್ಳುವ ನೋಟವಲ್ಲ. ಏನಾಗುತ್ತದೆಂದು ಮೊದಲೇ ಗೊತ್ತಿರುವವರು ನೋಡುವ ಹಾಗೆ ನೋಡುತ್ತಿದ್ದಳು.

ಚನ್ನಯ್ಯ ಅಂಗಿಯನ್ನು ಬಿಟ್ಟ. ಎರಡು ಸಲ ಬಾಯಿ ತೆರೆದು ಮುಚ್ಚಿದ. ಕೊನೆಗೆ ಹೇಳಿದ.

"ಬರಕ್ಕಾಗಲ್ಲ ಸಾ."

ಚನ್ನಯ್ಯ ಕಣ್ಣು ಮುಚ್ಚಿಕೊಂಡ. ಮೆಮೊ, ಸಸ್ಪೆಂಡು, ಗುಡ್ಡಗಾಡಿಗೆ ವರ್ಗ, ಪೆನ್ಷನ್ನಿಗೆ ಕಲ್ಲು, ಎಲ್ಲ ಸಾಲಾಗಿ ಬಂದು ನಿಂತವು.

"ಹೌದಾ? ಸರಿ ಬಿಡಿ," ಅಂದರು ಸಾಹೇಬರು. "ನಾಳೆ ಬರ್ಕೊಟ್ರಾಯ್ತು." ಫೋನು ಇಟ್ಟರು.

ಚನ್ನಯ್ಯ ರಿಸೀವರನ್ನು ಕಿವಿಯಿಂದ ತೆಗೆಯಲಿಲ್ಲ. ಇನ್ನೇನಾದರೂ ಬರಬಹುದೆಂದು ಕಾದ. ಗುಂಯ್ ಎಂಬ ಸದ್ದು ಬಿಟ್ಟು ಏನೂ ಬರಲಿಲ್ಲ. ಒಂದು ಬೈಗುಳವಾದರೂ ಬಂದಿದ್ದರೆ ಅವನಿಗೆ ಎಷ್ಟೋ ಸಮಾಧಾನವಾಗುತ್ತಿತ್ತು. ಹದಿಮೂರು ವರ್ಷ ಹೆದರಿದ್ದು ದಂಡವಾಗಲಿಲ್ಲ ಎಂದಾದರೂ ಅಂದುಕೊಳ್ಳಬಹುದಿತ್ತು. ಕೂತ. ಕೂತವನಿಗೆ ಅಳು ಬಂತು, ತಡೆದುಕೊಳ್ಳಲಾಗಲಿಲ್ಲ.

ಏನಂದರು ಎಂದು ಸಾಕಮ್ಮ ಹತ್ತಿರ ಬಂದು ಕೇಳಿದಳು. ಬಿಡಿ ಅಂದರು ಎಂದ. ಅಷ್ಟೇನಾ ಎಂದಳು. ಅಷ್ಟೇ ಎಂದ. ಸಾಕಮ್ಮ ಅಡುಗೆಮನೆಗೆ ಹೋಗಿ ಒಲೆಯ ಮುಂದೆ ಸುಮ್ಮನೆ ನಿಂತಳು. ಸಂಘಮಿತ್ರಾ ಎದ್ದು ಬಂದು ಅಪ್ಪನ ಕೈಯಿಂದ ರಿಸೀವರು ಬಿಡಿಸಿ, ಅದರ ಜಾಗದಲ್ಲಿಟ್ಟಳು.

"ಮೀಟಿಂಗ್ ಮುಗುದ್ಮೇಲೆ ರೇಷ್ಮೆಯೋರ ಮನೆಗೊಂದು ಫೋನ್ ಮಾಡಿ ಅಪ್ಪ," ಅಂದಳು. "ಬರಾಕಾಗಲ್ಲ ಅಂತ ಎಂಗೆ ಅನ್ನೋದೋ ಯೋಳ್ಕೊಡಿ. ಅದ್ನ ಕಲ್ತ ಮೇಲೆ ಒಂದು ಭಾನ್ವಾರ ಬರ್ಲಿ."